ವೀರಮ್ಮಾಜಿಯ ವೇಷ

ಕಳೆದ ಅಕ್ಟೋಬರಿನ ಒಂದು ಸಂಜೆ ಊರ ಕಡೆಯ ಗೆಳೆಯನ ಮಗಳು ಫೋನ್ ಮಾಡಿ, “ಮಾಮ, ವೀರಮ್ಮಾಜಿಗೆ ನಾಲ್ಕು ಸಾಲು ಡೈಲಾಗ್ ಬರ್ಕೊಡಿ” ಎಂದಳು. ವಯಸ್ಸು ಹನ್ನೆರಡು. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಹಿಂದಿ, ಮನೆಯಲ್ಲಿ ಮಲೆನಾಡಿನ ಕನ್ನಡ. ಗ್ರಾಂಟ್ ರೋಡ್ ಸ್ಟೇಷನ್ನಿನ ಹತ್ತಿರದ ಹಾಲ್ ಒಂದರಲ್ಲಿ ರಾಜ್ಯೋತ್ಸವ, ಮಕ್ಕಳಿಗೆ ವೇಷಭೂಷಣ ಸ್ಪರ್ಧೆ, ವಿಷಯ ‘ಕರ್ನಾಟಕದ ರಾಣಿಯರು’. ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೊಟ್ಟವರ ಪಟ್ಟಿ ನೋಡಿದೆ. ಕಿತ್ತೂರು ಚೆನ್ನಮ್ಮ ಆರು, ಅಬ್ಬಕ್ಕ ನಾಲ್ಕು, ಓಬವ್ವ ಮೂರು (ಓಬವ್ವ ರಾಣಿಯಲ್ಲ ಎಂದು ಯಾರೂ ತಕರಾರು ತೆಗೆದಿರಲಿಲ್ಲ), ಕೆಳದಿ ಚೆನ್ನಮ್ಮಾಜಿ ಒಂದು. ವೀರಮ್ಮಾಜಿ ಎಂದು ಬರೆಸಿದವಳು ಇವಳೊಬ್ಬಳೇ. ಅವಳ ಅಪ್ಪನ ಊರು ಹೊಸನಗರ ತಾಲೂಕಿನ ನಗರ, ಅಂದರೆ ಹಳೆಯ ಬಿದನೂರು. “ನಮ್ಮೂರ ರಾಣಿ ಅಲ್ವಾ” ಎನ್ನುವುದಷ್ಟೇ ಅವಳ ಕಾರಣ.

ಗುಂಪಿನ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದಲೇ ಬರೆದಿದ್ದರು: ಮಕ್ಕಳ ಕಾರ್ಯಕ್ರಮ, ಆ ರಾಣಿ ಬೇಡ, ಅದೇ ಮನೆತನದ ಚೆನ್ನಮ್ಮಾಜಿ ಮಾಡಲಿ. ಅವರ ಸಂಕೋಚ ನನಗೆ ಅರ್ಥವಾಗುತ್ತದೆ. ವೀರಮ್ಮಾಜಿಯ ಕಥೆಯನ್ನು ಹನ್ನೆರಡರ ಹುಡುಗಿಗೆ ಹೇಗೆ ಹೇಳುವುದು? ಆದರೆ ಹುಡುಗಿ ಬಿಡುವವಳಲ್ಲ. ನಾಲ್ಕು ಸಾಲು ಬರೆಯೋಣವೆಂದು ಕೂತವನಿಗೆ ಒಂದು ಸಾಲೂ ಹುಟ್ಟಲಿಲ್ಲ. ಕನ್ನಡದಲ್ಲಿ ಆಕೆಯ ಕಥೆ ಮುಟ್ಟಿದವರು ಸಣ್ಣವರಲ್ಲ. ಕುವೆಂಪು ಮುಟ್ಟಿದ್ದಾರೆ, ಮಾಸ್ತಿ ಮುಟ್ಟಿದ್ದಾರೆ. ಹಾಗಿದ್ದೂ ಸಿಂಹಾಸನದ ಮೇಲೆ ಕೂತು ಆಕೆ ಆಡಬಹುದಾದ ಒಂದು ಮಾತು ನನ್ನ ನೆನಪಿನಲ್ಲಿ ಯಾಕೆ ಇಲ್ಲ? ಈ ಬರಹ ಹುಟ್ಟಿದ್ದು ಆ ಪೇಚಾಟದಿಂದ.

ಮೊದಲು ಕಥೆಯ ಎಲುಬು. ವೀರಮ್ಮಾಜಿ ಕೆಳದಿ ಮನೆತನದ ಕೊನೆಯ ಆಳರಸಿ. ಬಸಪ್ಪನಾಯಕ ತೀರಿಕೊಂಡ ಮೇಲೆ ದತ್ತುಮಗ ಚೆನ್ನಬಸಪ್ಪನಾಯಕ ಪಟ್ಟಕ್ಕೆ ಬಂದ. ಹುಡುಗ ಚಿಕ್ಕವನು, ಅಧಿಕಾರ ರಾಣಿಯ ಕೈಯಲ್ಲಿ. 1757ರ ಹೊತ್ತಿಗೆ ಹುಡುಗ ಇಲ್ಲವಾದ. ರಾಣಿ ಸೋಮಶೇಖರನೆಂಬ ಇನ್ನೊಬ್ಬ ಬಾಲಕನನ್ನು ದತ್ತು ತೆಗೆದುಕೊಂಡು ಆಳಿದಳು. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದ, ಅದಕ್ಕೆ ಹೈದರ್‌ನಗರವೆಂದು ಹೆಸರಿಟ್ಟ. ಇಂದಿನ ‘ನಗರ’ ಆ ಹೆಸರಿನ ಉಳಿಕೆ. ಮೆಣಸು, ಅಡಿಕೆ, ಅಕ್ಕಿ, ಕರಾವಳಿಯ ಬಂದರುಗಳು ಇವೆಲ್ಲ ಸೇರಿ ಕಟ್ಟಿದ್ದ ಬೊಕ್ಕಸ ಅದು. ಅಲ್ಲಿ ಸಿಕ್ಕಿದ ಸೂರೆಯನ್ನು ಮಾರ್ಕ್ ವಿಲ್ಕ್ಸ್ ಒಂದು ಕೋಟಿ ಇಪ್ಪತ್ತು ಲಕ್ಷ ಪೌಂಡ್ ಎಂದು ಅಂದಾಜಿಸಿದ. ಲೆಕ್ಕ ಉಬ್ಬಿರಬಹುದು. ಹೈದರನ ಮುಂದಿನ ಏಳಿಗೆಗೆಲ್ಲ ಅಡಿಪಾಯ ಬಿದನೂರು ಎಂಬುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ.

ಇಷ್ಟೇ ಆಗಿದ್ದರೆ ಆಕೆ ಸೋತ ರಾಣಿ, ಅಷ್ಟೆ. ಆದರೆ ಈ ಎಲುಬಿನ ಮೇಲೆ ಇನ್ನೊಂದು ಕಥೆ ಮಾಂಸದಂತೆ ಅಂಟಿಕೊಂಡಿದೆ. ರಾಣಿಗೆ ನಿಂಬಯ್ಯನೆಂಬ ಕೆಳದರ್ಜೆಯ ಊಳಿಗದವನೊಡನೆ ಸಂಬಂಧ. ಬೆಳೆಯುತ್ತಿದ್ದ ಹುಡುಗ ಅದನ್ನು ಆಕ್ಷೇಪಿಸಿದ. ಒಂದು ದಿನ ಅಭ್ಯಂಜನದ ಹೊತ್ತಿನಲ್ಲಿ ಮೈ ಉಜ್ಜುತ್ತಿದ್ದ ಜಟ್ಟಿ ಅವನ ಕತ್ತು ತಿರುವಿದ. ಕೆಲವು ವರ್ಷಗಳ ನಂತರ ಚಿತ್ರದುರ್ಗದಲ್ಲಿ ಹೈದರನ ಮುಂದೆ ಒಬ್ಬ ತರುಣ ಬಂದು ನಿಂತ: ನಾನೇ ಆ ಚೆನ್ನಬಸಪ್ಪ, ಜಟ್ಟಿ ನನ್ನನ್ನು ಕೊಲ್ಲದೆ ಉಳಿಸಿದ. ಹೈದರನಿಗೆ ದಂಡೆತ್ತಲು ಬೇಕಾಗಿದ್ದ ನೆಪ ಅದೇ. ದಂಡು ಮುಂದೆ ಸಾಗಿದಂತೆ ರಾಣಿ ಹಿಂದಿರುಗಿ ಹೋಗಲು ಇಷ್ಟು ಕೊಡುತ್ತೇನೆ, ಅಷ್ಟು ಕೊಡುತ್ತೇನೆ ಎಂದು ಮೊತ್ತ ಏರಿಸುತ್ತ ಹೋದಳು. ಆಕೆಯ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ಕಾಡಿನ ಗುಟ್ಟಿನ ದಾರಿ ತೋರಿಸಿದ. ಅರಮನೆಗೆ ಬೆಂಕಿ ಹಚ್ಚಲು ಹೇಳಿ ರಾಣಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಸಿಕ್ಕಿಬಿದ್ದಳು. ಮಧುಗಿರಿಯ ಸೆರೆಗೆ ಹೋದಳು. ‘ನಾನೇ ರಾಜ’ ಎಂದು ಬಂದಿದ್ದ ತರುಣನನ್ನೂ ಹೈದರ್ ಅಲ್ಲಿಗೇ ಅಟ್ಟಿದ ಎನ್ನುವುದು ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ವಿವರ.

ಇದನ್ನು ನಮಗೆ ಈ ರೂಪದಲ್ಲಿ ದಾಟಿಸಿದವರಲ್ಲಿ ಮುಖ್ಯನಾದವನು ವಿಲ್ಕ್ಸ್, ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟ್ ಆಗಿದ್ದವನು. ಅವನ ಇತಿಹಾಸದ ಮೊದಲ ಸಂಪುಟ ಅಚ್ಚಾದದ್ದು 1810ರಲ್ಲಿ, ಬಿದನೂರು ಬಿದ್ದು 47 ವರ್ಷಗಳ ಮೇಲೆ. ಅಷ್ಟರಲ್ಲಿ ಈ ಕಥೆ ಎಷ್ಟು ಜಗಲಿಗಳ ಮೇಲೆ ಕೂತೆದ್ದು ಬಂದಿತ್ತೋ. ಮಜಾ ಏನೆಂದರೆ ಅದೇ ವಿಲ್ಕ್ಸ್ ಹೈದರನ ಕ್ರೌರ್ಯದ ಕಥೆಗಳನ್ನೂ ಹೇಳುತ್ತಾನೆ. ತನಗೆ ಎರಡು ಬಗೆದ ಖಂಡೇರಾಯನನ್ನು ‘ಗಿಳಿಯಂತೆ ಸಾಕುತ್ತೇನೆ’ ಎಂದು ಮಾತು ಕೊಟ್ಟು, ಮಾತಿಗೆ ತಪ್ಪದೆ ಕಬ್ಬಿಣದ ಪಂಜರದಲ್ಲಿಟ್ಟು ಹಾಲನ್ನ ಹಾಕಿದ ಕಥೆಯನ್ನು ನೀವೂ ಕೇಳಿರುತ್ತೀರಿ. ನಮ್ಮ ಕಡೆ ಅದನ್ನು ಹೇಳುವಾಗ ದನಿಯಲ್ಲಿ ಒಂದು ನಗೆ ಇರುತ್ತದೆ, ‘ಎಂಥಾ ಪಾಕಡಾ ಮನುಷ್ಯ ನೋಡಿ’ ಎಂಬಂಥ ಮೆಚ್ಚುಗೆ. ಪಂಜರದ ಕಥೆಗೆ ಹೈದರನ ಮಂಚದ ಕಥೆಯನ್ನು ಯಾರೂ ಜೋಡಿಸುವುದಿಲ್ಲ. ರಾಜಕಾರಣಕ್ಕಾಗಿ ಮಾಡಿದ ಎಂದರೆ ಸಾಕು, ಕಾರಣ ಪೂರ್ತಿಯಾಯಿತು. ರಾಣಿಯ ಬಚ್ಚಲಿನ ಕಥೆಗೆ ಮಾತ್ರ ಮಂಚದಿಂದಲೇ ಕಾರಣ ಬರಬೇಕು.

ಯಾಕೆ ಹೀಗೆ ಎಂದು ಹುಡುಕುತ್ತಾ ಹೋದರೆ ದಾರಿ ಜನ್ನನ ಮನೆಬಾಗಿಲಿಗೆ ಹೋಗುತ್ತದೆ. 1209ರ ‘ಯಶೋಧರ ಚರಿತೆ’ಯ ಅಮೃತಮತಿಯನ್ನು ನೆನೆದುಕೊಳ್ಳಿ. ರಾಣಿ, ರಾತ್ರಿ ಕೇಳಿದ ಹಾಡಿಗೆ ಸೋತು ವಿಕಾರರೂಪಿನ ಮಾವುತನನ್ನು ಬಯಸಿದವಳು, ಗಂಡನಿಗೆ ತಿಳಿಯಿತೆಂದಾಗ ಅವನಿಗೂ ಅತ್ತೆಗೂ ವಿಷವಿಕ್ಕಿದವಳು. ಈಗ ವೀರಮ್ಮಾಜಿಯ ಕಥೆಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ರಾಣಿ, ಕೀಳು ಅಂತಸ್ತಿನ ಪ್ರಿಯ, ಗುಟ್ಟು ಬಯಲು, ಅರಮನೆಯ ಒಳಗೇ ಆಪ್ತನ ಕೊಲೆ. ಮಾವುತನ ಜಾಗದಲ್ಲಿ ನಿಂಬಯ್ಯ, ವಿಷದ ಜಾಗದಲ್ಲಿ ಜಟ್ಟಿ. ಐದೂವರೆ ಶತಮಾನದ ಹಿಂದಿನ ಅಚ್ಚಿನಲ್ಲಿ ಹೊಸ ಬೆಲ್ಲ ಹೊಯ್ದಂತೆ ಕಾಣುತ್ತದೆ. ಬಿದನೂರಿನಲ್ಲಿ ನಿಜವಾಗಿ ಹಾಗೆ ನಡೆದಿರಲೂ ಸಾಕು. ಅರಮನೆಗಳಲ್ಲಿ ಇಂಥದ್ದು ನಡೆಯದ ಕಾಲವಿಲ್ಲ. ಆದರೆ ಕೊಲ್ಲುವ ರಾಣಿ ಎಂದೊಡನೆ ನಮ್ಮ ಭಾಷೆಯ ಕೈಗೆ ಮೊದಲು ಸಿಗುವುದು ಈ ಅಚ್ಚು ಎನ್ನುವುದು ನನ್ನ ಅನುಮಾನ. ಜನ್ನನನ್ನು ದೂರುತ್ತಿಲ್ಲ. ಅವನ ವಿಷಯ ಹಿಂಸೆ, ಸಂಕಲ್ಪ, ಜನ್ಮಜನ್ಮದ ಋಣ. ರಾಜ್ಯವಾಳುವುದು ಅವನ ಕಾವ್ಯದ ಪ್ರಶ್ನೆಯೇ ಅಲ್ಲ. ಅಮೃತಮತಿಗೆ ಸಿಂಹಾಸನ ಬೇಕಿಲ್ಲ. ವೀರಮ್ಮಾಜಿಗೆ ಬೇಕಿತ್ತು. ಆ ಒಂದು ವ್ಯತ್ಯಾಸವನ್ನು ಅಚ್ಚು ಹಿಡಿಯಲಾರದು.

ಈಗ ಕುವೆಂಪು. 1930ರ ದಶಕದ ಆರಂಭದ ‘ರಕ್ತಾಕ್ಷಿ’ ಹ್ಯಾಮ್ಲೆಟ್‌ನ ಬುಡದಿಂದ ಚಿಗುರಿದ ನಾಟಕ. ಅದರ ನೆಲ ಬಿದನೂರು. ಓದಿದವರಿಗೆಲ್ಲ ಗೊತ್ತಿರುವ ಈ ಮಾತನ್ನು ಈ ಸಲ ನಾನು ಬೇರೆ ಬದಿಯಿಂದ ಕೇಳಿಕೊಂಡೆ: ಬಿದನೂರಿನ ಕಥೆಗೆ ಹ್ಯಾಮ್ಲೆಟ್ ಯಾಕೆ? ಮ್ಯಾಕ್‌ಬೆತ್ ಯಾಕಲ್ಲ? ಪಟ್ಟಕ್ಕಾಗಿ ನಡೆದ ಕೊಲೆ, ಕೈಗೆ ಅಂಟಿದ ರಕ್ತ, ಹತ್ತಿರವಾಗುತ್ತಿರುವ ದಂಡು, ಸತ್ತನೆಂದುಕೊಂಡವನು ಮತ್ತೆ ಎದ್ದು ಬಂದಂತಾಗುವುದು. ಇವೆಲ್ಲ ಮ್ಯಾಕ್‌ಬೆತ್‌ನ ಸಾಮಗ್ರಿ. ಆ ನಾಟಕ ಕನ್ನಡಕ್ಕೆ ದೂರದ್ದೂ ಆಗಿರಲಿಲ್ಲ. ಡಿವಿಜಿಯವರ ಅನುವಾದ 1936ರಲ್ಲೇ ಬಂತು.

ಹ್ಯಾಮ್ಲೆಟ್ ಆರಿಸಿಕೊಂಡ ಕೂಡಲೇ ರಾಣಿಯ ಭಾಗ್ಯ ನಿರ್ಧಾರವಾಗಿಬಿಡುತ್ತದೆ. ಅವಳು ಗರ್ಟ್ರೂಡ್ ಆಗಬೇಕು. ಗರ್ಟ್ರೂಡ್ ಆಳುವವಳಲ್ಲ; ಅವಳ ಅಪರಾಧ ಗಂಡ ಸತ್ತ ಮೇಲೆ ಇನ್ನೊಬ್ಬನ ಮಂಚ ಹತ್ತಿದ್ದು. ಚರಿತ್ರೆಯಲ್ಲಿ ಕಂದಾಯದ ಕಾಗದಕ್ಕೆ ಮೊಹರು ಹಾಕುತ್ತಿದ್ದ ಹೆಂಗಸು ನಾಟಕದಲ್ಲಿ ಮಗನ ಜುಗುಪ್ಸೆಗೆ ಗುರಿಯಾದ ತಾಯಿಯಾಗುತ್ತಾಳೆ. ಆಳುವ ಬುದ್ಧಿ, ಸಂಚು, ಕ್ರೌರ್ಯ ಎಲ್ಲ ನಿಂಬಯ್ಯನ ಪಾಲಿಗೆ. ಇದು ರಾಣಿಯ ಮೇಲೆ ಕನಿಕರವೋ, ಇಲ್ಲ ಅವಳಿಂದ ಕಸಿದುಕೊಂಡದ್ದೋ? ನನಗೆ ಎರಡನೆಯದೇ ಅನ್ನಿಸುತ್ತದೆ. ಪಾಪವನ್ನು ಕಡಿಮೆ ಮಾಡುವ ಭರದಲ್ಲಿ ರಾಜ್ಯವನ್ನೂ ಕೈಯಿಂದ ತೆಗೆದುಕೊಂಡರು.

ಆದರೆ ಕುವೆಂಪು ಕುವೆಂಪುವೇ. ಹೆಣ್ಣಿನ ಆ ಉಗ್ರತೆ ಎಲ್ಲಿ ಹೋಗಬೇಕು? ಅದು ನಾಟಕದಲ್ಲಿ ಇನ್ನೊಂದು ಕಡೆ ಉಕ್ಕುತ್ತದೆ. ಒಫೀಲಿಯಾಳ ಜಾಗದಲ್ಲಿರುವ ರುದ್ರಾಂಬೆ ಷೇಕ್ಸ್‌ಪಿಯರನ ಹುಡುಗಿಯಂತೆ ಹೂವು ಹಿಡಿದು ನೀರುಪಾಲಾಗಿ ಮುಗಿಯುವವಳಲ್ಲ. ಸೇಡಿನ ರಕ್ತಾಕ್ಷಿಯಾಗುತ್ತಾಳೆ, ನಾಟಕಕ್ಕೆ ಹೆಸರೂ ಅವಳದೇ. ಇಂಗ್ಲಿಷ್ ಮೂಲಕ್ಕೆ ಕನ್ನಡ ಮಾಡಿದ ಇದಕ್ಕಿಂತ ದೊಡ್ಡ ತಿದ್ದುಪಡಿ ಬೇರೆ ಇದೆಯೋ ಇಲ್ಲವೋ. ಅದನ್ನು ಓದಿದಾಗಲೆಲ್ಲ ಮೈ ನವಿರೇಳುತ್ತದೆ. ಈಗ ಮಾತ್ರ ಒಂದು ಹುಳುಕು ಕಾಣುತ್ತದೆ: ಪ್ರೀತಿಸಿದವರಿಗಾಗಿ, ಕಳೆದುಕೊಂಡವರಿಗಾಗಿ ಹೆಣ್ಣು ಕತ್ತಿ ಹಿಡಿದರೆ ಅದು ರುದ್ರಶಕ್ತಿ. ತನಗಾಗಿ, ಗದ್ದುಗೆಗಾಗಿ ಹಿಡಿದರೆ ಅದಕ್ಕೆ ನಾಟಕದಲ್ಲಿ ಪಾತ್ರವಿಲ್ಲ.

ಮಾಸ್ತಿಯವರ ‘ಚನ್ನಬಸವನಾಯಕ’ ಬೇರೆಯೇ ದನಿಯ ಪುಸ್ತಕ. ಮಾಸ್ತಿ ಯಾರನ್ನೂ ರಾಕ್ಷಸರನ್ನಾಗಿ ಮಾಡುವವರಲ್ಲ. ಪಕ್ಕದ ಮನೆಯ ಜಗಳದಂತೆ ರಾಜ್ಯವೊಂದರ ಪತನವನ್ನು ಹೇಳಬಲ್ಲವರು. ರಾಣಿಯ ಬಗ್ಗೆಯೂ ಅವರಿಗೆ ಕೋಪಕ್ಕಿಂತ ಮರುಕ ಹೆಚ್ಚು. ಅದೇ ತೊಡಕು. ಅರಮನೆಯ ಒಳಗಿನ ನಡತೆ ಸಡಿಲಾಯಿತು, ಆದ್ದರಿಂದ ರಾಜ್ಯ ಸಡಿಲಾಯಿತು ಎಂಬ ನಂಬಿಕೆ ಕಾದಂಬರಿಯ ತೊಲೆ. ‘ಚಿಕವೀರ ರಾಜೇಂದ್ರ’ದಲ್ಲೂ ಅದೇ ತೊಲೆ ಅಲ್ಲವೇ, ಅಲ್ಲಿ ಕೆಟ್ಟವನು ಗಂಡಸೇ ಅಲ್ಲವೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕೊಡಗಿನ ಅರಸನನ್ನು ಮಾಸ್ತಿ ಬಿಟ್ಟುಕೊಟ್ಟಿಲ್ಲ. ಆದರೆ ಅವನ ಕೇಡುಗಳ ಪಟ್ಟಿ ನೋಡಿ: ಕುಡಿತ, ಹೆಣ್ಣಿನ ಹುಚ್ಚು, ಬಾಲ್ಯದ ಒರಟುತನ, ಕುಂಟ ಬಸವನ ಸಹವಾಸ, ಇಂಗ್ಲಿಷರೊಡನೆ ಎಡವಟ್ಟು ಪತ್ರವ್ಯವಹಾರ, ತಂಗಿಯ ಮೇಲಿನ ಹಗೆ, ತಂಗಿಯ ಕೂಸಿನ ಕೊಲೆ. ಒಬ್ಬ ಮನುಷ್ಯ ಕೆಡಲು ಎಷ್ಟು ದಾರಿಗಳಿವೆಯೋ ಅಷ್ಟೂ ಅವನಿಗೆ ತೆರೆದಿವೆ. ಹಾಗಾಗಿಯೇ ಅವನು ಪುಸ್ತಕ ಮುಚ್ಚಿದ ಮೇಲೂ ನಮ್ಮೊಡನೆ ಉಳಿಯುತ್ತಾನೆ. ವೀರಮ್ಮಾಜಿಗೆ ಕೆಡಲು ಇರುವುದು ಒಂದೇ ಬಾಗಿಲು.

ಇನ್ನೊಂದು ಉದಾಹರಣೆ ಬೇರೆ ಕಡೆಯಿಂದ. ಕಾರ್ನಾಡರ ‘ತುಘಲಕ್’ 1964ರದು. ಮುಂಬಯಿಯಲ್ಲಿ ಇಂಗ್ಲಿಷಿನಲ್ಲಿ 1970ರಲ್ಲಿ ಅಲೆಕ್ ಪದಮ್‌ಸೀ ಆಡಿಸಿದರು. ಅದರ ಮಲತಾಯಿಯನ್ನು ಎಷ್ಟು ಜನ ನೆನಪಿಟ್ಟಿದ್ದೀರಿ? ನಜೀಬನ ಸಲಹೆಗಳಿಂದ ರಾಜ್ಯ ಹಾಳಾಗುತ್ತಿದೆ ಎಂದು ಅವನಿಗೆ ವಿಷ ಹಾಕಿಸಿದವಳು ಆಕೆ. ಅಂದರೆ ಆ ನಾಟಕದಲ್ಲಿ ಆಕೆಯ ಕೊಲೆಗೆ ರಾಜಕೀಯ ಕಾರಣವಿದೆ. ಸಿಕ್ಕಿಬಿದ್ದಾಗ ಆಕೆ ಸುಲ್ತಾನನಿಗೆ ಅವನ ತಂದೆಯನ್ನೂ ತಮ್ಮನನ್ನೂ ನೆನಪಿಸುತ್ತಾಳೆ. ಇಬ್ಬರ ಸಾವೂ ಅವನ ತಲೆಯ ಮೇಲಿದೆ. ಸುಲ್ತಾನ ಕೊಡುವ ಶಿಕ್ಷೆ ಕಲ್ಲು ಹೊಡೆಸಿ ಕೊಲ್ಲುವುದು. ಗಮನಿಸಿ, ಅದು ವ್ಯಭಿಚಾರದ ಆರೋಪ ಹೊತ್ತವರಿಗೆ ಕೊಡುತ್ತಿದ್ದ ಶಿಕ್ಷೆ. ರಾಜಕಾರಣಕ್ಕಾಗಿ ಕೊಂದ ಹೆಂಗಸಿಗೆ ಮಂಚದ ಅಪರಾಧದ ದಂಡನೆ. ಕಾರ್ನಾಡರು ಇದನ್ನು ತಿಳಿದೇ ಬರೆದಿದ್ದಾರೆಂದು ನನ್ನ ನಂಬಿಕೆ. ಸುಲ್ತಾನನ ನ್ಯಾಯ ಎಲ್ಲಿ ಬಿರುಕು ಬಿಟ್ಟಿದೆ ಎಂದು ತೋರಿಸುವ ಜಾಗ ಅದು. ಅಷ್ಟಾದರೂ ನಾಟಕ ಮುಗಿದ ಮೇಲೆ ಮನೆಗೆ ನಮ್ಮ ಜತೆ ಬರುವವನು ನಿದ್ದೆಗೆಟ್ಟ ಸುಲ್ತಾನ. ಅವನ ಕ್ರೌರ್ಯದ ಹಿಂದೆ ಒಂದು ತತ್ತ್ವಜ್ಞಾನವಿದೆ, ಚದುರಂಗವಿದೆ, ಕನಸಿದೆ. ಅವಳ ಕ್ರೌರ್ಯದ ಹಿಂದೆ ಏನಿತ್ತೆಂದು ಕೇಳಲು ನಮಗೆ ಬಿಡುವಿಲ್ಲ.

ಮಕ್ಕಳು ಇಷ್ಟಪಟ್ಟ ವೇಷಗಳಿಗೆ ಬರೋಣ. ಅಬ್ಬಕ್ಕ ಎಂದು ಹೆಸರಾದವರು ಉಳ್ಳಾಲದಲ್ಲಿ ಒಬ್ಬರಿಗಿಂತ ಹೆಚ್ಚು. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಮಂಗಳೂರಿನ ಬಳಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ರಾಣಿ ಬರಿಗಾಲಿನಲ್ಲಿ ನಡೆದು ನೀರಿನ ಕಾಲುವೆಯ ಕೆಲಸ ನೋಡಲು ಬಂದಿದ್ದಳು. ಮೈಮೇಲೆ ಸಾದಾ ಹತ್ತಿಬಟ್ಟೆ. ಕಪ್ಪು ಬಣ್ಣ, ದಪ್ಪ ಮೈಕಟ್ಟು. ನೋಡಿದರೆ ಅಡುಗೆಮನೆಯ ಕೆಲಸದವಳೋ ಅಗಸಗಿತ್ತಿಯೋ ಅನ್ನಿಸಿತೆಂದು ಅವನು ಒರಟಾಗಿಯೇ ಬರೆಯುತ್ತಾನೆ. ಮಾತಾಡಿದಾಗ ಮಾತ್ರ ಅವಳ ವಿವೇಕಕ್ಕೆ ತಲೆಬಾಗುತ್ತಾನೆ. ಎಂಥ ಚೆಂದದ ರಾಣಿ! ಪ್ಲಾಸ್ಟಿಕ್ ಕಿರೀಟವಿಲ್ಲದ, ಕಾಲುವೆಗೆ ಕೂಲಿ ಹಚ್ಚಿದ ರಾಣಿ. ಆದರೆ ಅದೇ ಪ್ರವಾಸಿ ಇನ್ನೊಂದು ಮಾತನ್ನೂ ದಾಖಲಿಸಿದ್ದಾನೆ: ಬೆಳೆದು ಅಧಿಕಾರ ಕೇಳಬಹುದಾಗಿದ್ದ ಹಿರಿಯ ಮಗನಿಗೆ ರಾಣಿಯೇ ವಿಷ ಹಾಕಿಸಿದಳೆಂಬ ಗಾಳಿಮಾತು ಆ ಸೀಮೆಯಲ್ಲಿತ್ತು.

ಅಲ್ಲಿಗೆ ಆರೋಪ ಒಂದೇ ಆಯಿತು. ಉಳ್ಳಾಲದಲ್ಲೂ ಮಗ, ಬಿದನೂರಲ್ಲೂ ಮಗ. ಎರಡು ಕಡೆಯೂ ಪಟ್ಟಕ್ಕೆ ಬರಲಿದ್ದ ಹುಡುಗ. ಎರಡು ಕಡೆಯೂ ಪುರಾವೆ ಎಂದರೆ ಜನರ ಬಾಯಿ. ಅಬ್ಬಕ್ಕನ ಮೇಲಿನ ಮಾತನ್ನು ನಾವು ಮರೆತೆವು. ಅವಳ ಹೆಸರಿನಲ್ಲಿ ಅಂಚೆಚೀಟಿ ಬಂತು, 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗು ನೀರಿಗಿಳಿಯಿತು. ಒಳ್ಳೆಯದೇ. ಆದರೆ ಅವಳನ್ನು ಖುಲಾಸೆ ಮಾಡಿದ್ದು ಯಾವ ಸಾಕ್ಷಿ? ಎದುರಿಗೆ ಪೋರ್ಚುಗೀಸರಿದ್ದರು ಎನ್ನುವುದೇ. ವೀರಮ್ಮಾಜಿಯ ಎದುರಿಗಿದ್ದವನು ಹೈದರ್. ಅವನು ನಮ್ಮವನೋ ಪರಕೀಯನೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಮೇಲಾಗಿ ಅವಳು ಸೋತಳು. ಶತ್ರು ಸರಿಯಾದವನು ಸಿಗದಿದ್ದರೆ, ಜತೆಗೆ ಸೋಲೂ ಬಂದರೆ, ರಾಣಿಯ ಬಚ್ಚಲುಮನೆಯ ಬಾಗಿಲನ್ನು ಊರವರು ತೆಗೆದು ನೋಡುತ್ತಾರೆ.

ಅದೇ ಕೆಳದಿಯ ಚೆನ್ನಮ್ಮಾಜಿಗೂ ಗಂಡ ಸತ್ತಿದ್ದ, ಅವಳೂ ದತ್ತು ತೆಗೆದುಕೊಂಡಳು, ಕಾಲು ಶತಮಾನ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೇನೆಗೆ ಬೆನ್ನು ತೋರಿಸದೆ ನಿಂತಳು. ಮುಂಬಯಿಯಲ್ಲಿ ಮರಾಠಿ ಗೆಳೆಯರ ಮುಂದೆ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ಕಥೆ ನಮಗಿಲ್ಲ, ನಾನೂ ಹೇಳಿಕೊಂಡಿದ್ದೇನೆ. ಅವಳ ದತ್ತುಮಗ ಬಸಪ್ಪನಾಯಕ ಬದುಕಿ ಬಾಳಿ ‘ಶಿವತತ್ತ್ವರತ್ನಾಕರ’ದಂಥ ವಿಶ್ವಕೋಶವನ್ನೇ ಬರೆದ. ಆದರೆ ಗೊಂದಲದಲ್ಲಿದ್ದ ರಾಜ್ಯವನ್ನು ಕೈಗೆ ತೆಗೆದುಕೊಂಡು 25 ವರ್ಷ ಉಳಿಸಿಕೊಂಡ ಹೆಂಗಸು ಯಾರ ತಲೆಯನ್ನೂ ತೆಗೆಸದೆ, ಯಾರನ್ನೂ ಸೆರೆಗೆ ಹಾಕದೆ ಇದ್ದಿರಲು ಸಾಧ್ಯವೇ? ನಮ್ಮ ಪಠ್ಯಗಳ ಚೆನ್ನಮ್ಮಾಜಿ ಬರೀ ತಾಯಿ. ಅವಳನ್ನು ಹೊಗಳುತ್ತಾ ಹೊಗಳುತ್ತಾ ಅವಳ ಆಡಳಿತವನ್ನು ಅಳಿಸಿಬಿಟ್ಟಿದ್ದೇವೆ. ವೀರಮ್ಮಾಜಿಯನ್ನು ತೆಗಳುತ್ತಾ ಮಾಡಿದ್ದೂ ಅದೇ ಕೆಲಸ.

ಇದು ನಮ್ಮೊಬ್ಬರ ರೋಗವೂ ಅಲ್ಲ. ಬೈಜಾಂಟಿಯಂನ ಐರೀನ್ 797ರಲ್ಲಿ ಸ್ವಂತ ಮಗನ ಕಣ್ಣು ಕೀಳಿಸಿ ಒಬ್ಬಳೇ ಆಳಿದಳು. ಅದು ಗಾಳಿಮಾತಲ್ಲ, ನಡೆದದ್ದು. ಅವಳು ದೇವರ ಚಿತ್ರಗಳ ಪೂಜೆಯನ್ನು ಮತ್ತೆ ಜಾರಿಗೆ ತಂದವಳಾದ್ದರಿಂದ ಮಠದವರು ಹೊಗಳಿಯೇ ಹೊಗಳಿದರು. ಚೀನಾದ ವು ಜೆತಿಯಾನ್ ಹಸುಗೂಸನ್ನು ಉಸಿರುಗಟ್ಟಿಸಿ ಕೊಂದಳೆಂಬ ಕಥೆ ಮಾತ್ರ ಅವಳ ನಂತರದ ಚರಿತ್ರಕಾರರ ಕೈಯಲ್ಲಿ ಬೆಳೆಯುತ್ತಲೇ ಹೋಯಿತು. ಗದ್ದುಗೆಯ ಮೇಲೆ ಸ್ವಂತ ಹೆಸರಿನಲ್ಲಿ ಕೂತ ಹೆಣ್ಣನ್ನು ಆ ಆಸ್ಥಾನ ಕ್ಷಮಿಸಲಿಲ್ಲ.

ಗ್ರಾಂಟ್ ರೋಡಿನಲ್ಲಿ ಕೂತು ಇದನ್ನೆಲ್ಲ ಬರೆಯುವಾಗ ಕಿಟಕಿಯಾಚೆಯ ಈ ರಸ್ತೆಯದೇ ಒಂದು ನೆನಪು ಅಡ್ಡ ಬರುತ್ತದೆ. 1846ರಲ್ಲಿ ಇಲ್ಲಿ ಗ್ರಾಂಟ್ ರೋಡ್ ಥಿಯೇಟರ್ ತೆರೆಯಿತು. ಆ ಕಟ್ಟಡ ಈಗಿಲ್ಲ. 1853ರಲ್ಲಿ ಸಾಂಗ್ಲಿಯ ವಿಷ್ಣುದಾಸ ಭಾವೆಯವರ ತಂಡ ಅಲ್ಲಿ ಆಡಿತು. ಆ ಮರಾಠಿ ನಾಟಕದ ಹುಟ್ಟಿನ ಹಿಂದೆ ನಮ್ಮ ಉತ್ತರ ಕನ್ನಡದ ಭಾಗವತ ಮೇಳದ ಆಟವಿತ್ತೆಂದು ನೆನೆದು ನಾವು ಆಗಾಗ ಮೀಸೆ ತಿರುವುತ್ತೇವೆ. ಅದೇ ವರ್ಷ ಪಾರ್ಸಿ ನಾಟಕ ಮಂಡಳಿ ತನ್ನ ಮೊದಲ ಆಟಕ್ಕೆ ಅಲ್ಲಿ ಎತ್ತಿಕೊಂಡದ್ದು ರುಸ್ತುಂ–ಸೊಹ್ರಾಬರ ಕಥೆ. ಅಪ್ಪ ಮಗನನ್ನು ಕೊಲ್ಲುವ ಕಥೆ. ರುಸ್ತುಮನಿಗೆ ಅದು ತನ್ನ ಮಗನೆಂದು ಗೊತ್ತಿರಲಿಲ್ಲ, ನಿಜ; ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಆದರೂ ಮಗನನ್ನು ಕೊಂದ ಅಪ್ಪನಿಗಾಗಿ ಸಾವಿರ ವರ್ಷದಿಂದ ಜನ ಅತ್ತಿದ್ದಾರೆ, ಈ ರಸ್ತೆಯಲ್ಲೂ ಅತ್ತಿರಬೇಕು. ಮಗನನ್ನು ಕೊಂದಳೆನ್ನಲಾದ ತಾಯಿಯ ಕಥೆಯನ್ನು ರಂಗಕ್ಕೆ ಹತ್ತಿಸಿದಾಗ ನಾವು ಅವಳ ಮುಖಕ್ಕೆ ದೀಪ ಬಿಡುವುದಿಲ್ಲ, ಮಂಚಕ್ಕೆ ಬಿಡುತ್ತೇವೆ.

ರಸ್ತೆಯ ಮಾತು ಬಂತೆಂದು ಇನ್ನೊಂದನ್ನು ಹೇಳಿಬಿಡುತ್ತೇನೆ. ನಾನು ಈ ಊರಿಗೆ ಬಂದ ಮೊದಲ ನಾಲ್ಕು ವರ್ಷ ಊಟ ಮಾಡಿದ್ದು ಇಲ್ಲಿಯ ಒಂದು ಗಲ್ಲಿಯ ಮೆಸ್ಸಿನಲ್ಲಿ. ನಡೆಸುತ್ತಿದ್ದವರು ಉಡುಪಿ ಕಡೆಯ ಒಬ್ಬ ಅಕ್ಕ. ಗಂಡ ಸತ್ತ ಮೇಲೆ ವ್ಯವಹಾರ ತನ್ನದೆಂದು ಬಂದ ಮೈದುನನನ್ನು ಮೂರೇ ತಿಂಗಳಲ್ಲಿ ಮೆಟ್ಟಿಲಿಳಿಸಿದ್ದರಂತೆ. ಗಲ್ಲಾದಲ್ಲಿ ಸ್ವತಃ ಕೂರುತ್ತಿದ್ದರು. ತಿಂಗಳ ಐದನೇ ತಾರೀಕಿನೊಳಗೆ ದುಡ್ಡು ಕೊಡದವನ ತಟ್ಟೆ ಎತ್ತಿಸುತ್ತಿದ್ದರು, ಒಮ್ಮೆ ನನ್ನದನ್ನೂ. ಲೆಕ್ಕದಲ್ಲಿ ಕೈಯಾಡಿಸಿದ ಹುಡುಗನೊಬ್ಬನನ್ನು ಮಳೆಗಾಲದ ರಾತ್ರಿ ಹೊರಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ; ಅವನು ಅಳುತ್ತಿದ್ದ. ನಾವು ಹುಡುಗರು ಹಿಂದಿನಿಂದ ಏನು ಮಾತಾಡುತ್ತಿದ್ದೆವು? ಅವರ ಕಟ್ಟುನಿಟ್ಟಿನ ಬಗ್ಗೆ ಅಲ್ಲ. ಅವರಿಗೂ ಅಡುಗೆಯ ಭಟ್ಟರಿಗೂ ಏನೋ ಇದೆ ಎಂದು. ಒಂದು ದಿನ ಈ ಮಾತು ಅವರ ಕಿವಿಗೇ ಬಿತ್ತು. ನಾನು ತಲೆ ತಗ್ಗಿಸಿ ಕೂತಿದ್ದೆ. ಅವರು ನೋಟು ಎಣಿಸುವುದನ್ನು ನಿಲ್ಲಿಸದೆ ಹೇಳಿದರು: “ಲೆಕ್ಕ ಕೇಳುವ ಹೆಂಗಸಿಗೆ ಊರೇ ಸೇರಿ ಒಬ್ಬ ಗಂಡನ್ನ ಕಟ್ತದೆ ಮಾರಾಯ್ರೆ. ಇಲ್ಲದಿದ್ರೆ ನಿಮಗೆ ಲೆಕ್ಕ ಸರಿ ಹೋಗುದಿಲ್ಲ.” ವೀರಮ್ಮಾಜಿಯ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ನನಗೆ ಇಷ್ಟು ಉಪಯೋಗಕ್ಕೆ ಬಂದಿಲ್ಲ.

ಹಾಗೆಂದು ಆ ಹುಡುಗನ ಅಳು ಸುಳ್ಳಾಗುವುದಿಲ್ಲ. ಇಲ್ಲಿ ನನ್ನ ವಾದಕ್ಕೆ ಒಂದು ಗಂಟು ಬೀಳುತ್ತದೆ, ಅದನ್ನು ಮುಚ್ಚಿಡಲಾರೆ. ಈ ಬರಹದ ಮೊದಲ ಕರಡು ಓದಿದ ಗೆಳತಿಯೊಬ್ಬಳು, ಕಲೀನಾದಲ್ಲಿ ಕನ್ನಡ ಎಂ.ಎ. ಓದುತ್ತಿರುವವಳು, ನೇರ ಕೇಳಿದಳು: “ಗಂಡಸರ ಕ್ರೌರ್ಯಕ್ಕೆ ಸಿಕ್ಕ ಮರ್ಯಾದೆ ಹೆಂಗಸರ ಕ್ರೌರ್ಯಕ್ಕೂ ಸಿಗಲಿ ಅಂತೀರಲ್ಲ, ಆ ಮರ್ಯಾದೆಯೇ ತಪ್ಪಲ್ವಾ? ಬಚ್ಚಲಲ್ಲಿ ಸತ್ತ ಹುಡುಗನ ಕಡೆ ಯಾರಿದ್ದಾರೆ?” ಉತ್ತರ ನನ್ನಲ್ಲಿ ಇರಲಿಲ್ಲ. ಖಂಡೇರಾಯನ ಪಂಜರದ ಕಥೆ ಹೇಳುವಾಗ ನನ್ನ ದನಿಯಲ್ಲೂ ಆ ನಗೆ ಇದ್ದದ್ದು ನೆನಪಾಯಿತು.

ನಾನು ಕೇಳುತ್ತಿರುವುದು ವೀರಮ್ಮಾಜಿಯ ಖುಲಾಸೆಯನ್ನಲ್ಲ. ಅವಳು ಕೊಂದಿದ್ದರೆ ಕೊಲೆಗಾರ್ತಿಯೇ. ಆದರೆ ಕೊಲೆಗೆ ಒಂದು ವಿಚಾರಣೆ ಬೇಕು, ವಿಚಾರಣೆಗೆ ಉದ್ದೇಶ ಬೇಕು. ಆ ಹುಡುಗ ಪ್ರಾಯಕ್ಕೆ ಬಂದರೆ ಅಧಿಕಾರ ಹೋಗುತ್ತಿತ್ತು. ಅವನ ಹಿಂದೆ ಯಾವ ಮಂತ್ರಿಗಳಿದ್ದರು? ಲಿಂಗಣ್ಣನನ್ನು ಸೆರೆಗೆ ಹಾಕಿದ್ದು ಯಾಕೆ? ಬೊಕ್ಕಸ ತುಂಬಿರುವಾಗ ಸೈನ್ಯ ಯಾಕೆ ಅಷ್ಟು ಬೇಗ ಕರಗಿತು? ಹೈದರನಿಗೆ ಮೊತ್ತ ಏರಿಸುತ್ತ ಹೋದಾಗ ಅವಳ ಮನಸ್ಸಿನಲ್ಲಿ ಎಂಥ ಲೆಕ್ಕ ನಡೆದಿತ್ತು? ಅರಮನೆಗೆ ಬೆಂಕಿ ಹಚ್ಚಿರೆಂದು ಹೇಳುವ ಬಾಯಿ ಸಡಿಲ ನಡತೆಯ ದುರ್ಬಲ ಹೆಂಗಸಿನದೇ? ನನಗೇನೂ ಸಿಗದಂತಾಗುವುದಾದರೆ ನಿನಗೂ ಸಿಗಬಾರದು ಎನ್ನುವ ಆ ಆಜ್ಞೆಯಲ್ಲಿ ಒಂದು ಇಡೀ ಅಂಕವಿದೆ. ಅದನ್ನು ಕನ್ನಡದಲ್ಲಿ ಯಾರಾದರೂ ಬರೆಯಬೇಕು. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಮೇಲೆ ಗಜಾನನ ಶರ್ಮರ ಕಾದಂಬರಿ ಬಂದು ಮೆಣಸಿನ ರಾಣಿ ಮನೆಮನೆಗೆ ತಲುಪಿದ ಈ ಕಾಲದಲ್ಲಿ ಇದು ಆಗದ ಮಾತಲ್ಲ. ಅಂಥ ಪುಸ್ತಕದಲ್ಲಿ ಮಾತ್ರ ಸತ್ತ ಹುಡುಗನಿಗೂ ಜಾಗ ಸಿಕ್ಕೀತು. ಈಗಿನ ಕಥೆಯಲ್ಲಿ ಅವನೂ ಬರೀ ನೆಪ. ಅಮ್ಮನ ಮಂಚ ನೋಡಿದ ಸಾಕ್ಷಿ, ಅಷ್ಟೆ. ಅವನು ಎಂಥ ರಾಜನಾಗುತ್ತಿದ್ದ ಎಂದು ಯಾರೂ ಕೇಳಿಲ್ಲ.

1767ರಲ್ಲಿ ಪೇಶ್ವೆ ಮಾಧವರಾಯನ ಸೈನ್ಯ ಮಧುಗಿರಿಯನ್ನು ಹಿಡಿದು ವೀರಮ್ಮಾಜಿಯನ್ನೂ ಸೋಮಶೇಖರನನ್ನೂ ಬಿಡಿಸಿತು. ಪುಣೆಗೆ ಕರೆದೊಯ್ಯುವಾಗ ರಾಣಿ ದಾರಿಯಲ್ಲೇ ತೀರಿಕೊಂಡಳು. ನಾವೆಲ್ಲ ರಾತ್ರಿ ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬರುವ ದಿಕ್ಕು ಅದು. ಊರು ಬಿಟ್ಟು ಈ ಕಡೆ ಹೊರಟು ತಲುಪದೇ ಹೋದವಳು ಎಂದು ಯೋಚಿಸಿದಾಗ, ಯಾಕೋ, ಅವಳ ಮೇಲಿನ ತೀರ್ಪನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಡಬೇಕೆನ್ನಿಸುತ್ತದೆ.

ಸ್ಪರ್ಧೆಗೆ ಎರಡು ದಿನ ಇರುವಾಗ ಹುಡುಗಿ ಮತ್ತೆ ಫೋನ್ ಮಾಡಿದಳು. ಹಿರಿಯರು ಕೊನೆಗೆ ‘ಆಗಲಿ, ನಿಮ್ಮ ಮಗಳಿಷ್ಟ’ ಎಂದಿದ್ದರಂತೆ. ಸೀರೆ ರೆಡಿ, ಡೈಲಾಗ್ ಇಲ್ಲ. ನಾನು ಮಂಚವನ್ನು ಬಿಟ್ಟು ಮಿಕ್ಕ ಕಥೆಯನ್ನೆಲ್ಲ ಹೇಳಿದೆ: ಪಟ್ಟ, ಚಿಕ್ಕ ಹುಡುಗ, ಜಟ್ಟಿ, ಚಿತ್ರದುರ್ಗಕ್ಕೆ ಬಂದ ತರುಣ, ಹೈದರ್, ಬೆಂಕಿ. ಮಂಚವಿಲ್ಲದೆಯೂ ಕಥೆ ಎಲ್ಲೂ ಕುಂಟಲಿಲ್ಲ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಮಾಮ, ಅಲ್ಲಿಗೆ ಬಂದವ್ನು ನಿಜವಾಗ್ಲೂ ಅದೇ ಹುಡುಗನಾ?”

“ಕೆಲವರು ಹೌದಂದ್ರು, ಕೆಲವರು ಅಲ್ಲ ಅಂದ್ರು.”

“ರಾಣಿಗೆ ಗೊತ್ತಿರುತ್ತಲ್ವಾ?”

ಅಲ್ಲಿಂದಲೇ ಶುರುಮಾಡು ಎಂದೆ.